ಕಾಲರ್ ಅಕ್ಕನ ಹೊಟ್ಟೆಕಿಚ್ಚು

ಹೊಲಿಗೆ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಅರವತ್ತು ಹೆಂಗಸರು ಕೆಲಸ ಮಾಡುತ್ತಿದ್ದರು. ಶೌಚಾಲಯಕ್ಕೆ ಹೋಗಬೇಕೆಂದರೆ ಸೂಪರ್‌ವೈಸರ್ ಮುಂದೆ ನಿಂತು ಚೀಟಿ ಕೇಳಬೇಕು. "ಈಗ ತಾನೇ ಹೋಗಿದ್ಯಲ್ಲಮ್ಮ?" ಎಂದು ಅವನು ಇಡೀ ಸಾಲಿಗೆ ಕೇಳಿಸುವಂತೆ ಅನ್ನುತ್ತಿದ್ದ.

ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈಯಾದ್ದರಿಂದ ಅವರಲ್ಲೊಬ್ಬಳಿಗೆ ಕಾಲರ್ ಅಕ್ಕ ಎಂದೇ ಹೆಸರು. ಅಲ್ಲಿನ ಮಹಿಳಾ ಸಂಘ ಕಟ್ಟಿದವಳೂ ಅವಳೇ. ಹದಿನಾಲ್ಕು ವರ್ಷ ಅರ್ಜಿ ಮೇಲೆ ಅರ್ಜಿ ಬರೆದು ಹೆರಿಗೆ ರಜೆ ಕೊಡಿಸಿದ್ದಳು, ಎಳೆಕೂಸುಗಳಿಗೊಂದು ಕೋಣೆ ಮಾಡಿಸಿದ್ದಳು. ಚೀಟಿ ಕೇಳುವುದನ್ನು ನಿಲ್ಲಿಸಿ ಎಂಬ ಅರ್ಜಿ ಮಾತ್ರ ಎರಡು ವರ್ಷದಿಂದ ಕದಲಿರಲಿಲ್ಲ.

ಆಗ ಬಟ್ಟೆ ತಪಾಸಣೆಗೆ ದಪ್ಪ ಕನ್ನಡಕದ ಹೊಸಬಳೊಬ್ಬಳು ಬಂದಳು. ಊಟದ ಹೊತ್ತಿಗೆ ಹುಡುಗಿಯರು ಅವಳನ್ನೇ ಮುತ್ತಿಕೊಳ್ಳತೊಡಗಿದರು. ಅದಾದರೂ ಹೋಗಲಿ, ಅಲ್ಲೇ ಗುಂಡಿ ಹಾಕುವ ಸ್ವಂತ ಮಗಳು ಮನೆಯಲ್ಲಿ ಪಾತ್ರೆ ತೊಳೆಯುತ್ತ "ಕನ್ನಡಕದಕ್ಕ ಏನಂದ್ರು ಗೊತ್ತಾ ಅಮ್ಮ?" ಎಂದಾಗಲಂತೂ ಕಾಲರ್ ಅಕ್ಕನ ಎದೆಗೆ ಕೊಳ್ಳಿ ಇಟ್ಟಂತಾಗುತ್ತಿತ್ತು.

ಗುರುವಾರ ಸಂಘದ ಸಭೆಯಲ್ಲಿ ಕನ್ನಡಕದವಳು ಎದ್ದು ನಿಂತಳು. "ಸೋಮವಾರ ಹನ್ನೊಂದಕ್ಕೆ ಎಲ್ರೂ ಒಟ್ಟಿಗೆ ಎದ್ದು ಹೋಗೋಣ. ಚೀಟಿ ಗೀಟಿ ಏನೂ ಬೇಡ."

"ಕೆಲಸದಿಂದ ತೆಗೆದ್ರೆ?" ಕಾಲರ್ ಅಕ್ಕ ಕೇಳಿದಳು. "ನೀನು ಓದಿದವಳು, ಇನ್ನೊಂದು ಕಡೆ ಸಿಗುತ್ತೆ. ಮಕ್ಕಳೊಂದಿಗರು ಎಲ್ಲಿಗೆ ಹೋಗ್ಬೇಕು?"

"ಹಾಗಂತ ಇನ್ನೆಷ್ಟು ವರ್ಷ ಅರ್ಜಿ ಬರೀತೀರಕ್ಕ? ಬೇಡಿ ತಗೊಂಡ್ರೆ ಅದು ಅವರ ದಯೆ, ನಮ್ಮ ಹಕ್ಕಲ್ಲ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ತಟ್ಟಿದವಳು ಮಗಳು.

ಸಭೆಯ ಸುಳಿವು ಸಿಕ್ಕಿ ಮರುದಿನವೇ ಮ್ಯಾನೇಜರ್ ಕಾಲರ್ ಅಕ್ಕನನ್ನು ಕರೆಸಿ ಕುರ್ಚಿ ಕೊಟ್ಟ. "ನಿಮ್ಮಂಥ ತಿಳಿದವರಿರುವಾಗ ಇದೇನಮ್ಮ ಗಲಾಟೆ? ಚಿತಾವಣೆ ಯಾರದ್ದು? ಒಂದು ಹೆಸರು ಹೇಳಿ, ಸಾಕು."

ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಮಗಳೂ ಸಂಘವೂ ಮತ್ತೆ ತನ್ನವೇ. ಹಾಗೆ ಅನ್ನಿಸಿದ್ದಕ್ಕೇ ನಾಚಿ ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. "ಯಾರದ್ದೂ ಅಲ್ಲ ಸಾರ್" ಎಂದು ಎದ್ದು ಬಂದಳು.

ನೇರ ತಪಾಸಣೆ ಮೇಜಿಗೆ ಹೋಗಿ ನಿಂತಳು. "ಇವತ್ತು ನಿನ್ನ ಹೆಸರು ಹೇಳಿಬಿಡ್ತಿದ್ದೆ ಕಣೆ. ನಿನ್ನ ಕಂಡ್ರೆ ಅಷ್ಟು ಹೊಟ್ಟೆಕಿಚ್ಚು ನಂಗೆ."

ಕನ್ನಡಕದವಳು ಕೈಲಿದ್ದ ಅಂಗಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಮೆಲ್ಲಗೆ, "ನಂಗೂ ಇದೆ ಅಕ್ಕ. ಚಪ್ಪಾಳೆ ನಂಗೆ ತಟ್ತಾರೆ. ಗಂಡ ಹೊಡೆದ ದಿನ ಅಳೋಕೆ ನಿಮ್ಮ ಹತ್ರಾನೇ ಬರ್ತಾರೆ" ಎಂದಳು.

ಇನ್ನು ಚೀಟಿ ಕೇಳುವುದಿಲ್ಲವೆಂದು ಇಬ್ಬರೂ ಕೂತು ಮ್ಯಾನೇಜರ್‌ಗೆ ಕಾಗದ ಬರೆದರು. "ದಯವಿಟ್ಟು" ಎಂಬ ಮಾತಿಗೆ ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಅದನ್ನು ಹೊಡೆದುಹಾಕಿದರು. ಸಹಿಗಳನ್ನು ಒಂದರ ಕೆಳಗೊಂದು ಹಾಕಿಸುವುದು ಬೇಡ, ಬಳೆಯಂತೆ ದುಂಡಗೆ ಹಾಕಿಸೋಣ ಎಂದವಳು ಕಾಲರ್ ಅಕ್ಕ.

ಸೋಮವಾರ ಹನ್ನೊಂದಕ್ಕೆ ಅರವತ್ತು ಹೆಂಗಸರೂ ಎದ್ದರು. ಕಾಲರ್ ಅಕ್ಕ, ಕನ್ನಡಕದವಳು ಇಬ್ಬರೂ ಹೋಗಿ ಮುಂದಿಟ್ಟ ಕಾಗದವನ್ನು ಮ್ಯಾನೇಜರ್ ಹಾಗೂ ಹೀಗೂ ತಿರುಗಿಸಿ ನೋಡಿದ.

"ಇದರಲ್ಲಿ ಮೊದಲನೆಯವಳು ಯಾರು?"

"ನಮಗೂ ಗೊತ್ತಿಲ್ಲ ಸಾರ್" ಎಂದಳು ಕಾಲರ್ ಅಕ್ಕ. ಅವನ ಬಾಗಿಲಿನಾಚೆ ಹೆಂಗಸರು ಯಾರನ್ನೂ ಕೇಳದೆ ಶೌಚಾಲಯಕ್ಕೆ ನಡೆದುಹೋಗುತ್ತಿದ್ದರು.