ಎಳ್ಳುಕಾಳಿನಷ್ಟು ತೂತು

ನಾ ಮೊದ್ಲ ಹೇಳಿಬಿಡ್ತೀನಿ, ನಂಗ ಸಿಟ್ಟು ಮೂಗಿನ ತುದಿಮ್ಯಾಗ. ಹೆಸರು ಪಕೀರಪ್ಪ. ಫೌಜಿನ್ಯಾಗ ಹದಿನೇಳು ವರ್ಷ ಕಳದು ಬಂದು, ಸಿಂಧನೂರಾಗ ಬಸವಂತರಾಯ ಸಾವಕಾರರ ಅಕ್ಕಿ ಮಿಲ್ಲಿಗೆ ಕಾವಲಕ್ಕ ಸೇರಿದ್ನಿ. ರೈಫಲ್ ನನ್ನದ, ಲೈಸನ್ಸೂ ನನ್ನ ಹೆಸರಿಲೇನ ಇತ್ತು. ಬಜಾರದಾಗ ಹೊಂಟ್ರ ಮಂದಿ ‘ಗುರಿಗಾರ ಪಕೀರಪ್ಪ’ ಅಂತಿದ್ರು, ಎದಿ ಉಬ್ಬತಿತ್ತು.

ತೊಂಬತ್ತೊಂದರಾಗ ಆ ಉಬ್ಬು ಇಳೀತು. ನಳಗಿ ತುದಿಗಿರೋ ಸಣ್ಣ ಮೊಳಿಗೆ ನಾವು ಮಕ್ಖಿ ಅಂತೀವಿ. ಗುರಿ ಹಿಡಿಯೋದು ಅದರ ಮ್ಯಾಲೇ. ಆ ಮಕ್ಖಿ ಒಂದರ ಬದ್ಲಿ ಎರಡು ಕಾಣಾಕ ಹತ್ತಿತು, ಅವೂ ಮಸುಕ ಮಸುಕ. ಎರಡು ವರ್ಷ ಯಾರಿಗೂ ಹೇಳಲಿಲ್ಲ, ಹೇಣ್ತಿ ಆದಮ್ಮಗೂ ಹೇಳಲಿಲ್ಲ. ಚಷ್ಮಾ ಹಾಕ್ಕೊಂಡ್ರ ಊರಿಗೆಲ್ಲ ಗೊತ್ತಾಕ್ಕಿತ್ತು. ಕಣ್ಣು ಹೋದ ಗುರಿಗಾರಗ ಯಾರು ಬಾ ಅಂತಾರ?

ಅಷ್ಟರಾಗ ಸಾವಕಾರರು ಹೈದರಾಬಾದಿಗೆ ಹೋದವರು ರೈಫಲ್ಲಿನ ಮ್ಯಾಲ ಕೂಡಿಸೋ ಒಂದು ದುರ್ಬೀನು ತಂದು ನನ್ನ ಕೈಯಾಗ ಇಟ್ರು.

“ಸುಗ್ಗಿ ಬಂತು ಪಕೀರಪ್ಪ, ರೊಕ್ಕ ಹೊತ್ಕೊಂಡು ತಿರುಗಬೇಕು. ನನ್ನ ಜೀಪಿನ ಮುಂದ ಕೂಡಾಂವ ಗಟ್ಟಿ ಇರಬೇಕು. ಇದನ್ನ ಕೂಡಿಸ್ಕೊಂಡು ಬಾ. ಬರೋ ಸೋಮವಾರ ಜವಳಗೇರಾದ ಕಡಿ ಕಾಲುವಿ ಏರಿಗೆ ಮೂರು ಗಡಿಗಿ ಇಡಸ್ತೀನಿ. ಮೂರು ಗುಂಡಿಗೆ ಎರಡಾದ್ರೂ ಒಡೀಬೇಕು. ಇಲ್ಲಂದ್ರ ಕೋಲು ಹಿಡ್ಕೊಂಡು ಗೇಟಿಗೆ ಕೂಡು, ಬಳಗಾನೂರಿನ್ಯಾಗ ಇನ್ನೊಬ್ಬ ಫೌಜಿ ಅದಾನಂತ.”

ಕೋಲು! ಆ ಮಾತಿಗೆ ನಂಗ ಅನ್ನ ಇಳೀಲಿಲ್ಲ.

ಮರುದಿನ ರೈಫಲ್ ಗವಸಣಿಗೆ ಹಾಕ್ಕೊಂಡು ಲಿಂಗಸುಗೂರಿನ ಬಸ್ ಹತ್ತಿದ್ನಿ. ಮಸ್ಕಿಯಾಗ ಅಕ್ಕನ ಮನೀಗೆ ಇಳೀತೀನಿ ಅಂತ ಬಂದಿದ್ದ ಆದಮ್ಮ ಅಲ್ಲಿ ಇಳೀಲೇ ಇಲ್ಲ. “ನಾನೂ ಬರ್ತೀನಿ. ನಾಕ ದಿನದಿಂದ ನಿಮ್ಮ ಮಾರಿ ನೋಡಾಕತ್ತೀನಿ, ಏನೋ ಮುಚ್ಚಿಡಾಕತ್ತೀರಿ,” ಅಂದ್ಲು. ಬೈದ್ನಿ. ಕೇಳಬೇಕಲ್ಲ ಆಕಿ!

ಲಿಂಗಸುಗೂರಾಗ ಇಸ್ಮಾಯಿಲ್‌ಸಾಬ್ ಚಾಚಾ ಬಂದೂಕು ರಿಪೇರಿ ಮಾಡೋ ಹಳೇ ಮಿಸ್ತ್ರಿ. ದುರ್ಬೀನು ಹೊಳ್ಳಿಸಿ ನೋಡಿ, “ಚೀಜ್ ಛಲೋ ಐತಿ. ಆದ್ರ ಗಾಜು ಗಾಜೇ, ಮಬ್ಬು ಹಿಡೀತೈತಿ, ಅಲುಗತೈತಿ. ಅದರ ಬೆನ್ನಿಗೆ ಗಾಜಿಲ್ಲದ್ದು, ಗುರಿ ನೋಡೋ ಪಟ್ಟಿ ಒಂದು ಇರಲಿ. ಮಡಚಿದ್ರ ಮಲಗತೈತಿ, ಬೇಕಾದಾಗ ಎಬ್ಬಿಸಿದ್ರಾತು,” ಅಂದ.

ಡಬ್ಬಿಯಿಂದ ಮಡಚೋ ಪಟ್ಟಿ ಮೂರು ತಗದಿಟ್ಟ. ಒಂದಕ್ಕ ಅಗಲ ಕಚ್ಚು. ಇನ್ನೊಂದು ಹಿತ್ತಾಳಿದು, ಮೂರು ಎಲಿ, ಒಂದೊಂದರ ಮ್ಯಾಲೂ ನಂಬರ್ ಕೊರದಿತ್ತು. ಮೂರನೇದು ಕರೀ ಬಿಲ್ಲಿ, ನಡುವ ಎಳ್ಳುಕಾಳಿನಷ್ಟು ತೂತು. ನಾ ಹಿತ್ತಾಳಿದಕ್ಕ ಕೈ ಹಾಕಿದ್ನಿ. ಹೊಳಿಯೋದು ಬಿಟ್ಟು ಆ ಕರೀದು ಯಾರಿಗೆ ಬೇಕು?

“ಅಂದ ನೋಡಿ ತಗೋಬ್ಯಾಡ, ಕಣ್ಣಿಟ್ಟು ತಗೋ,” ಅಂತ ಚಾಚಾ ಹಿತ್ತಾಳಿ ಪಟ್ಟಿ ಏರಿಸಿ, ಖಾಲಿ ರೈಫಲ್ ಕೈಗೆ ಕೊಟ್ಟು, ಹಿತ್ತಲದ ಆಚೆ ಇದ್ದ ಬೇವಿನ ಗಿಡ ತೋರಿಸಿದ. “ತುದಿ ಟೊಂಗಿಮ್ಯಾಗ ಏನೈತಿ?”

ಕರ್ರಗ ಏನೋ ಎರಡೆರಡು ಕಾಣತಿತ್ತು. ಧೈರ್ಯ ಮಾಡಿ, “ಎರಡು ಕಾಗಿ ರೀ ಚಾಚಾ,” ಅಂದ್ನಿ.

ಆದಮ್ಮ ಹೊಟ್ಟಿ ಹಿಡ್ಕೊಂಡು ನಕ್ಕಳು. “ಕಾಗಿ ಎಲ್ಲಿ ಅದಾವ ರೀ! ಒಂದು ಹರಕ ಗಾಳಿಪಟ ಸಿಕ್ಕೊಂಡೈತಿ!”

“ಸುಮ್ಮನಿರು ಬೇ!” ಅಂತ ಒದರಿದ್ನಿ. ಖರೇ ಹೇಳ್ತೀನಿ, ಭೂಮಿ ಬಾಯಿ ಬಿಟ್ಟಿದ್ರ ಇಳದಬಿಡ್ತಿದ್ನಿ. ಆಕಿ ನಗು ನಿಂತಿತು. ನನ್ನ ಮಾರಿ ನೋಡಿ ಆಕಿಗೆ ಎಲ್ಲಾ ತಿಳೀತು.

ಚಾಚಾ ಮಾತ್ರ ನನ್ನ ಕಡಿ ನೋಡಲೇ ಇಲ್ಲ. ರೈಫಲ್ ಇಸ್ಕೊಂಡು, “ಬೇಟಿ, ಅವನದೇನೂ ತಪ್ಪಿಲ್ಲ. ಬಂದೂಕಿಗೆ ವಯಸ್ಸಾಗೈತಿ, ಮಕ್ಖಿ ಸವದೈತಿ. ಇಂಥಾದ್ದರಾಗ ಯಾರಿಗಾದ್ರೂ ಹಂಗ ಕಾಣತೈತಿ,” ಅಂದು ಆ ಕರೀ ತೂತಿನ ಪಟ್ಟಿ ಏರಿಸಿ ಕೊಟ್ಟ.

ತೂತಿಗೆ ಕಣ್ಣಿಟ್ಟ್ನಿ. ಯಪ್ಪಾ! ಮಕ್ಖಿ ಒಂದ ಆತು. ಟೊಂಗಿ ಕಂಡಿತು, ಗಾಳಿಪಟದ ಹರಕ ಬಾಲ ಕಂಡಿತು. ಎರಡು ವರ್ಷದಿಂದ ಕಾಣದ್ದು ಕಂಡು ಕಣ್ಣಾಗ ನೀರು ಬಂತು. ಚಾಚಾ ಅದನ್ನೂ ನೋಡದಂಗ ಸ್ಕ್ರೂ ಹುಡುಕಾಕ ಹತ್ತಿದ. ದುರ್ಬೀನು ಮ್ಯಾಲೆ, ತೂತಿನ ಪಟ್ಟಿ ಅದರ ಹಿಂದ ಮಡಚಿ ಕೂಡಿಸಿದ. “ಹಳೇದು, ಮೂಲ್ಯಾಗ ಬಿದ್ದಿತ್ತು,” ಅಂದು ರೊಕ್ಕಾನೂ ಮುಟ್ಟಲಿಲ್ಲ.

ಸೋಮವಾರ ಮುಂಜಾನೆ ಕಾಲುವಿ ಮ್ಯಾಲ ತೆಳ್ಳನ ಮಂಜು. ಸಾವಕಾರರು, ಮಿಲ್ಲಿನ ಹಮಾಲರು, ಎಲ್ಲಾರೂ ನಿಂತಿದ್ರು. ದುರ್ಬೀನಿಗೆ ಕಣ್ಣಿಟ್ರ ಬರೇ ಬೆಳ್ಳಗ, ಹಾಲು ಬಳದಂಗ. ಒರಸಿದ್ನಿ, ಗಾಜು ಮತ್ತ ಮಬ್ಬು ಹಿಡೀತು. ಹೊಡದ್ನಿ. ಗುಂಡು ಏರಿ ಮಣ್ಣಿಗೆ ಹೋತು. ಸಾವಕಾರರು ಗಡಿಯಾರ ನೋಡಿಕೊಂಡ್ರು. ಕೋಲು, ಗೇಟು, ಅದ ಕಣ್ಣ ಮುಂದ.

ದುರ್ಬೀನು ಬಿಚ್ಚಿ ಹಮಾಲನ ಕೈಗೆ ಕೊಟ್ಟು, ಪಟ್ಟಿ ಎಬ್ಬಿಸಿದ್ನಿ. ತೂತಿನ್ಯಾಗ ಮಕ್ಖಿ ನೆಟ್ಟಗ ಬಂದು ನಿಂತಿತು, ಅದರ ಮ್ಯಾಲ ಗಡಿಗಿ. ಉಸಿರು ಹಿಡದು ಹೊಡದ್ನಿ. ಗಡಿಗಿ ಚೂರು ಚೂರಾತು. ಇನ್ನೊಂದು ಹೊಡದ್ನಿ. ಅದೂ ಒಡೀತು.

“ಶಾಬಾಷ್ ಲೇ! ಜೀಪು ಹತ್ತು,” ಅಂದ್ರು ಸಾವಕಾರರು.

ತಿಂಗಳ ಮ್ಯಾಲ ಹೊಸ ಅಕ್ಕಿ ಚೀಲ, ಆದಮ್ಮ ಮಾಡಿದ ಶೇಂಗಾ ಹೋಳಿಗಿ ಹೊತ್ತು, ಇಬ್ಬರೂ ಲಿಂಗಸುಗೂರಿಗೆ ಹೋದ್ವಿ. ರೈಫಲ್ಲೂ ಒಯ್ದಿದ್ನಿ, ಎಣ್ಣಿ ಹಾಕಸಾಕ. ಚಾಚಾ ನಮಾಜಿಗೆ ಹೋಗಿದ್ದ. ಅಂಗಡಿ ಮೂಲ್ಯಾಗ ಆರೇಳು ಬಂದೂಕು ಧೂಳು ತಿನಕೋತ ನಿಂತಿದ್ವು. “ಇಷ್ಟ್ಯಾಕ ಉಳದಾವ ರೀ ಚಾಚಿ?” ಅಂತ ಚಾಚಾನ ಹೇಣ್ತಿ ಸಕೀನಾಬೀಗೆ ಕೇಳಿದ್ನಿ.

ಆಕಿ ಸೆರಗು ಸರಿ ಮಾಡ್ಕೋತ ಹೇಳಿದ್ಲು: “ಏನ್ ಮಾಡೋದಪ್ಪ, ರಿಪೇರಿ ಆದ ಬಂದೂಕಿನ ಗುರಿ ನೋಡೋ ಪಟ್ಟಿ ಒಂದಿತ್ತು, ಸಣ್ಣ ತೂತಿಂದು. ಅದಿಲ್ಲದ ಅವರಿಗೆ ಮಕ್ಖಿ ಕಾಣಾಂಗಿಲ್ಲ. ಯಾರಿಗೋ ಕೊಟ್ಟುಬಿಟ್ಟಾರ. ಇನ್ನೊಂದು ಮಾಡ್ಕೋರಿ ಅಂದ್ರ, ಅಷ್ಟು ಸಣ್ಣ ತೂತು ಕೊರಿಯಾಕ ಕಣ್ಣು ಬೇಕಲ್ಲ ಅಂತಾರ.”

ನಾ ಹೋಳಿಗಿ ಗಂಟು ಹಿಡ್ಕೊಂಡು ಹಂಗ ಕುಂತ್ನಿ. ಆದಮ್ಮ ಗೋಡಿ ಕಡಿ ಮಾರಿ ಮಾಡಿದ್ಲು.

ಚಾಚಾ ಬಂದ ಕೂಡಲೇ ನಾ ರೈಫಲ್ಲಿನ ಪಟ್ಟಿ ಸ್ಕ್ರೂ ಬಿಚ್ಚಾಕ ಹತ್ತಿದ್ನಿ. ಅಂವ ನನ್ನ ಕೈ ಒತ್ತಿ ಹಿಡದ. “ಹುಚ್ಚ ಏನ್ ಲೇ? ನಂದು ನೆರಳಾಗ ಕೂತು ಮಾಡೋ ಕೆಲಸ. ನಿಂದು ಜೀವದ ಕೆಲಸ.”

“ಹಂಗಾರ ಆದಿತ್ಯವಾರಕ್ಕೊಮ್ಮೆ ನಾ ಬಂದು ಗುರಿ ನೋಡಿ ಕೊಡ್ತೀನಿ. ಬ್ಯಾಡ ಅಂದ್ರ ಇಲ್ಲೇ ಅಂಗಡಿ ಮುಂದ ಕುಂದರ್ತೀನಿ, ಎದ್ದು ಹೋಗಾಂಗಿಲ್ಲ,” ಅಂತ ಜಗಳಕ್ಕ ನಿಂತ್ನಿ.

ಚಾಚಾ ಖಾಲಿ ರೈಫಲ್ ನನ್ನ ಕೈಗೆ ಕೊಟ್ಟು, ಬೇವಿನ ಗಿಡದ ಕಡಿ ಬೆರಳು ಮಾಡಿದ.

“ನೋಡಿ ಹೇಳು. ತುದಿ ಟೊಂಗಿಮ್ಯಾಗ ಏನೈತಿ?”

ತೂತಿಗೆ ಕಣ್ಣಿಟ್ಟ್ನಿ. “ಅದ ಗಾಳಿಪಟ ರೀ ಚಾಚಾ. ಅದರ ಬಾಜೂಕ ಎರಡು ಕಾಗಿ.”

ಚಾಚಾ ಆದಮ್ಮನ ಕಡಿ ಹೊಳ್ಳಿದ. “ಖರೇ ಏನ್ ಬೇಟಿ?”

“ಖರೇ ರೀ ಚಾಚಾ, ಎರಡ ಅದಾವ,” ಅಂದ್ಲು ಆಕಿ.

ಚಾಚಾ ಮೂಲಿಗೆ ಹೋಗಿ ಮೊದಲ್ನೇ ಬಂದೂಕಿನ ಧೂಳು ಒರಸಾಕ ಹತ್ತಿದ.