ಹತ್ತಿಗೆ ಬಂದ ರೋಗ

ಯಶೋದಾ ಹಿರಿಯೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ತನ್ನೂರು ಹರಿಯಬ್ಬೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು; ಅಲ್ಲಿ ಅವಳಿಗೆ ಎರಡೆಕರೆ ಹೊಲವೂ ಇತ್ತು. ಆ ಭಾನುವಾರ ಗಾಳಿ ಜೋರಾಗಿಯೇ ಬೀಸುತ್ತಿತ್ತು. ಮತ್ತೆ ಬಿಡುವು ಸಿಗುವುದಿಲ್ಲವೆಂದು ಮೆಕ್ಕೆಜೋಳಕ್ಕೆ ಕಳೆ ಔಷಧಿ ಹೊಡೆದೇಬಿಟ್ಟಳು.

ಎರಡು ವಾರ ಕಳೆದಿರಬಹುದು. ಬದುವಿನಾಚೆ ಹತ್ತಿ ಹಾಕಿದ್ದ ಬರಗೇರಮ್ಮ ಗಿಡವೊಂದನ್ನು ಹಿಡಿದು ಮನೆಗೆ ಬಂದಳು. ಕುರಿ ಕಾಯುತ್ತಲೇ ಬೇಸಾಯ ನಡೆಸುತ್ತಿದ್ದ ಮುದುಕಿ.

“ಓದಿದಾಕಿ ನೀನು. ಏನ್ ರೋಗ ಐತೆ ನೋಡವ್ವ.”

ಅಂಗೈಯಗಲ ಇರಬೇಕಾದ ಎಲೆ ಸಣ್ಣ ಬೆರಳುಗಳಂತೆ ಸೀಳಿಕೊಂಡಿತ್ತು, ಕಾಂಡ ತಿರುಚಿತ್ತು. ನೋಡಿದೊಡನೆ ಯಶೋದಾಗೆ ತಿಳಿಯಿತು. ಬಾಯಿಗೆ ಬಂದದ್ದೇ ಬೇರೆ.

“ವೈರಸ್ ಇರ್ಬೇಕು ದೊಡ್ಡಮ್ಮ. ಎಲ್ಲಾ ಕಿತ್ತಾಕ್ರಿ, ಹರಡ್ತೈತೆ.”

ಬರಗೇರಮ್ಮ ಮೂರು ದಿನ ನಡು ಬಗ್ಗಿಸಿ ಕಿತ್ತಳು. ನನ್ನ ಹೊಲಕ್ಕೆ ರೋಗ ತಗುಲಿದೆ, ಆ ಕಡೆ ಹೋಗಬೇಡಿರೆಂದು ಊರಿಗೆಲ್ಲ ತಾನೇ ಹೇಳಿಕೊಂಡು ಬಂದಳು. ಯಶೋದಾ ಬಸ್ಸಿನಲ್ಲಿ ಆ ಹೊಲದ ಕಡೆಯ ಕಿಟಕಿಗೆ ಕೂರುವುದನ್ನೇ ಬಿಟ್ಟಳು.

ಗುರುವಾರ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಡಿ ತೋರಿಸುತ್ತಿದ್ದಾಗ ವಿದ್ಯಾರ್ಥಿನಿ ಮಂಗಳಾ ಕೇಳಿದಳು, “ಮೇಡಂ, ಕಳೆ ಔಷಧಿ ಜೀವಕೋಶಕ್ಕೆ ಏನ್ ಮಾಡ್ತೈತೆ?”

“ಕೆಲವು ಕೋಶದ ವಿಭಜನೆಯನ್ನೇ ನಿಲ್ಲಿಸ್ತವೆ. ಇನ್ನು ಕೆಲವು ಗಿಡದ ಸ್ವಂತ ಹಾರ್ಮೋನಿನ ವೇಷದಲ್ಲಿ ಒಳಗೆ ಹೋಗ್ತವೆ. ಕೋಶಗಳು ಅದನ್ನ ನಂಬಿ ಅಡ್ಡಾದಿಡ್ಡಿ ಬೆಳೀತವೆ, ಒಡೀತವೆ. ನಂಬಿ…”

ಯಶೋದಾ ಸೂಕ್ಷ್ಮದರ್ಶಕದ ದೀಪ ಆರಿಸಿದಳು.

ಸಂಜೆ ಬಸ್ಸಿಳಿದವಳು ನೇರ ಬರಗೇರಮ್ಮ ಕುರಿ ಕೂಡುವ ರೊಪ್ಪಕ್ಕೆ ಹೋದಳು.

“ದೊಡ್ಡಮ್ಮ, ಅದು ರೋಗ ಅಲ್ಲ. ನಾನು ಹೊಡೆದ ಔಷಧಿ ಗಾಳೀಲಿ ಬಂದಿದ್ದು. ಅವತ್ತೇ ಗೊತ್ತಿತ್ತು. ಸುಳ್ಳು ಹೇಳ್ದೆ.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ಬರಗೇರಮ್ಮ ಹೊಲದ ಕಡೆ ತಿರುಗಿದಳು.

“ಆಚೆ ಕಡೆ ಅರ್ಧ ಹೊಲ ನೆಟ್ಟಗಿತ್ತು. ಹರಡ್ತೈತೆ ಅಂದ್ಯಲ್ಲ, ಅದ್ನೂ ಕಿತ್ತೆ,” ಎಂದಳು. ಆಮೇಲೆ, “ಗಿಡನೆಲ್ಲ ಕುರಿಗೆ ಹಾಕೀನಿ. ಅವಕ್ಕೇನಾರ ಆಗ್ತೈತಾ? ಈಗಾರ ನಿಜ ಹೇಳು.”

“ಗೊತ್ತಿಲ್ಲ,” ಎಂದಳು ಯಶೋದಾ. “ಡಾಕ್ಟ್ರನ್ನ ಕರ್ಕೊಂಡ್ ಬರ್ತೀನಿ.”

ಮರುದಿನ ಪಶುವೈದ್ಯರು ಬಂದು ಒಂದೊಂದೇ ಕುರಿ ನೋಡಿ, ಸದ್ಯಕ್ಕೆ ತೊಂದರೆಯಿಲ್ಲ ಎಂದರು.

“ಊರೋರಿಗೆ ನಾನು ರೋಗ ಅಂತ ಹೇಳೀನಿ,” ಎಂದಳು ಬರಗೇರಮ್ಮ. “ಈಗ ನೀನು ಹೇಳು.”

ಯಶೋದಾ ಮನೆಮನೆಯ ಮುಂದೆ ನಿಂತು ಹೇಳಿದಳು. ಬರಗೇರಮ್ಮ ರೊಪ್ಪದ ಬಾಗಿಲಲ್ಲಿ ನಿಂತು, ಅವಳು ಯಾವ ಮನೆಯನ್ನಾದರೂ ಬಿಡುತ್ತಾಳೇನೋ ಎಂದು ನೋಡುತ್ತಿದ್ದಳು.