ಕನ್ನಡಕದೊಳಗಿನ ಹನುಮಯ್ಯ

ಹನುಮಯ್ಯನವರಿಗೆ ಕ್ಯಾನ್ಸರ್ ಇದೆ ಎಂದು ನಾನು ಇಪ್ಪತ್ತೊಂದು ಸಲ ಹೇಳಿದ್ದೇನೆ. ಇಪ್ಪತ್ತು ಸಲ ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ, ವಿಆರ್ ಕನ್ನಡಕ ಹಾಕಿಕೊಂಡು. ಇಪ್ಪತ್ತೊಂದನೆಯ ಸಲ ನಿಜವಾಗಿ.

ಹಗರೆಯ ಹನುಮಯ್ಯ ಮೂವತ್ತು ವರ್ಷ ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟು ಮಾಡಿದವರು. ರೋಗಿಗಳ ಜೊತೆ ಹೇಗೆ ಮಾತಾಡಬೇಕೆಂದು ನಮಗೆ ಕಲಿಸಲು ನಮ್ಮ ಪ್ರೊಫೆಸರ್ ಉಮಾಶಂಕರ್ ಈ ಹನುಮಯ್ಯನವರನ್ನೇ ಕರೆಸಿ, ಕ್ಯಾಮೆರಾ ಮುಂದೆ ಕೂರಿಸಿ, ಸಿದ್ದೇಗೌಡ ಎಂಬ ರೋಗಿಯ ಪಾರ್ಟು ಮಾಡಿಸಿದ್ದರು. ಕನ್ನಡಕ ಹಾಕಿದರೆ ಹನುಮಯ್ಯ ಎದುರಿಗೇ ಕೂತಿರುತ್ತಿದ್ದರು. ನಾನು ಸುದ್ದಿ ಹೇಳಿದ ಕೂಡಲೇ "ಅಯ್ಯೋ, ನನ್ ಮಕ್ಳ ಗತಿ ಏನಪ್ಪಾ ದೇವ್ರೇ" ಎಂದು ಎದೆ ಬಡಿದುಕೊಳ್ಳುತ್ತಿದ್ದರು. ಐದು ಸೆಕೆಂಡು ಸುಮ್ಮನಿದ್ದು, ಆಮೇಲೆ ಮೆತ್ತಗೆ "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ" ಎಂದರೆ ಮಷೀನು ನೂರಕ್ಕೆ ತೊಂಬತ್ತೆರಡು ಅಂಕ ಕೊಡುತ್ತಿತ್ತು. ನನಗೆ ಅರ್ಥವೇನೂ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಹೌಸ್ ಸರ್ಜನ್ ಆಗಿ ಬೇಲೂರು ತಾಲ್ಲೂಕಿನ ಒಂದು ಆಸ್ಪತ್ರೆಗೆ ಬಂದ ಎರಡನೇ ತಿಂಗಳಲ್ಲಿ ಅದೇ ಹನುಮಯ್ಯ ಕಟ್ಟಿದ ಗಂಟಲಿನೊಂದಿಗೆ ಬಂದರು. ನಾಟಕದ ಪ್ರಾಕ್ಟೀಸು ಜಾಸ್ತಿಯಾಗಿ ಹೀಗಾಗಿದೆ ಎಂದು ಅವರ ನಂಬಿಕೆ. ಹಾಸನಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದೆವು. ರಿಪೋರ್ಟು ಬಂತು. ಬೇಗ ಚಿಕಿತ್ಸೆ ಶುರುವಾದರೆ ಉಳಿಯುತ್ತಾರೆ, ತಡವಾದರೆ ಕಷ್ಟ. ಹಿರಿಯ ಡಾಕ್ಟರ್ ರವಿಕುಮಾರ್ ಫೈಲನ್ನು ನನ್ನ ಕೈಗಿಟ್ಟು, "ಡಾಕ್ಟರ್ ಇಂದು, ನಿಂಗೆ ಇದ್ರಲ್ಲಿ ತೊಂಬತ್ತೆರಡು ಬಂದಿದೆಯಂತಲ್ಲ, ನೀನೇ ಹೇಳಮ್ಮ" ಎಂದು ಜಾರಿಕೊಂಡರು. ಆ ವಿದ್ಯೆಯಲ್ಲಿ ಅವರಿಗೆ ನೂರಕ್ಕೆ ನೂರು.

ಹೇಳಿದೆ. ಐದು ಸೆಕೆಂಡು ಸುಮ್ಮನಿದ್ದೆ.

ಹನುಮಯ್ಯನವರ ಮುಖ ಅರಳಿತು! ಗೋಡೆಯ ಮೂಲೆಮೂಲೆ ಹುಡುಕಿದರು. "ಕ್ಯಾಮ್ರಾ ಎಲ್ಲಿಟ್ಟಿದೀರವ್ವ? ಮೊದ್ಲೇ ಹೇಳಿದ್ರೆ ಒಳ್ಳೆ ಶರ್ಟಾದ್ರೂ ಹಾಕ್ಕೊಂಡ್ ಬತ್ತಿದ್ದೆ."

ನಾನು ತಬ್ಬಿಬ್ಬಾದೆ. "ಇದು ಪಾಠ ಅಲ್ಲ, ನಿಜ" ಎಂದೆ.

"ಈ ಮಾತು ಹೊಸ್ದಾಗಿ ಸೇರ್ಸವ್ರಾ? ಚೆನ್ನಾಗೈತೆ."

ತಕ್ಷಣ ಎದೆ ಬಡಿದುಕೊಂಡು ಮಕ್ಕಳ ಗತಿ ಏನೆಂದು ಅಳತೊಡಗಿದರು. ಕಣ್ಣಲ್ಲಿ ನೀರೂ ಬಂತು. ಇದು ನಾಟಕವೋ, ಒಳಗೆಲ್ಲೋ ಸುದ್ದಿ ತಟ್ಟಿತೋ ನನಗೆ ತಿಳಿಯಲಿಲ್ಲ. ನನ್ನ ಬಾಯಿ ತಾನಾಗಿಯೇ "ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ" ಎಂದುಬಿಟ್ಟಿತು. ನಾಚಿಕೆಯಾಯಿತು.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಹೆಂಗಿತ್ತು? ಗಂಟ್ಲು ಕೈ ಕೊಡ್ತು ಕಣವ್ವ. ವಾಸಿ ಆದ್ಮೇಲೆ ಇನ್ನೊಂದ್ ಸಲ ತಗೊಳಿ. ಸಂಜೆ ಪ್ರಾಕ್ಟೀಸೈತೆ, ಬತ್ತೀನಿ."

ಹೊರಟೇಬಿಟ್ಟರು. ನನಗೆ ಕೋಪ ಬಂತು. ಅವರ ಮೇಲೋ, ಉಮಾಶಂಕರ್ ಸರ್ ಮೇಲೋ, ನನ್ನ ಮೇಲೋ ಗೊತ್ತಿಲ್ಲ. ನಾನು ಏನು ಹೇಳಿದರೂ ಅವರಿಗೆ ಅದು ಬರೆದುಕೊಟ್ಟ ಮಾತು. ಈ ಬಾಗಿಲು ದಾಟಿದರೆ ಧ್ವನಿ ಪೂರ್ತಿ ಹೋಗುವವರೆಗೂ ಈ ಮನುಷ್ಯ ತಿರುಗಿ ಬರುವುದಿಲ್ಲ. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು ಫೈಲನ್ನು ಅವರ ಕೈಗೆ ತುರುಕಿದೆ.

"ಓದ್ಕೊಳ್ಳಿ!"

ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಮೇಲೆ ಪಿನ್ನು ಹಾಕಿದ್ದ ಚೀಟಿ ಮಾತ್ರ ಕನ್ನಡದಲ್ಲಿತ್ತು. ಫೈಲನ್ನು ದೂರ ಹಿಡಿದು ಒಂದೊಂದೇ ಅಕ್ಷರ ಓದಿದರು. "ಹನುಮಯ್ಯ, ಬಿನ್ ಲೇಟ್ ಗಂಗಯ್ಯ, ಹಗರೆ."

ಮತ್ತೊಮ್ಮೆ ಓದಿದರು.

"ಆ ಪಾರ್ಟಲ್ಲಿ ನನ್ನೆಸ್ರು ಸಿದ್ದೇಗೌಡ ಅಲ್ವಾ? ಇದ್ರಲ್ಲಿ ನಮ್ಮಪ್ಪನ ಹೆಸ್ರು ಯಾಕ್ ಬರ್ದವ್ರೆ?"

ಅವರು ನಿಧಾನವಾಗಿ ಬಂದು ಬೆಂಚಿನ ಮೇಲೆ ಕೂತರು. ಎದೆ ಬಡಿದುಕೊಳ್ಳಲಿಲ್ಲ, ದೇವರನ್ನು ಕರೆಯಲಿಲ್ಲ. ಫೈಲಿನ ದಾರವನ್ನು ಸುಮ್ಮನೆ ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ.

ಕೊನೆಗೆ ಅವರು ಒಡೆದ ಧ್ವನಿಯಲ್ಲಿ ಕೇಳಿದರು. "ಈಗ ನಾನೇನ್ ಮಾಡ್ಬೇಕವ್ವ?"

"ಸೋಮವಾರ ಬೆಳಿಗ್ಗೆ ಏಳಕ್ಕೆ ಹಗರೆ ಸ್ಟಾಪಲ್ಲಿ ನಿಂತಿರಿ. ಹಾಸನದ ಬಸ್ಸಲ್ಲಿ ನಾನೂ ಇರ್ತೀನಿ" ಎಂದೆ.

ಅವರು ತಲೆಯಾಡಿಸಿದರು. ಏಳಲು ನನ್ನ ಕೈ ಹಿಡಿದುಕೊಂಡರು.